ಯಾವ ತುದಿಯಿಂದ ಎಣಿಸಬೇಕು

ಗ್ಯಾಸ್ ಒಲೆ ಹಚ್ಚುವಾಗ ನಾನು ಮುಖ ಆಚೆ ತಿರುಗಿಸುತ್ತೇನೆಂದು ನೀವು ನಗುತ್ತೀರಿ. ಅಜ್ಜಿಗೆ ಸಿಲಿಂಡರ್ ಕಂಡರೆ ಹೆದರಿಕೆ ಎಂದುಕೊಂಡಿದ್ದೀರಿ. ಹೆದರಿಕೆಯಲ್ಲ. ಆ ನೀಲಿ ಉರಿಯನ್ನು ನಾನು ಮೊದಲು ನೋಡಿದ್ದು ಒಲೆಯ ಮೇಲಲ್ಲ.

ಮೊನ್ನೆ ನಿಮ್ಮಲ್ಲೊಬ್ಬಳು ಪರೀಕ್ಷೆಗೆ ಓದುತ್ತ "ಮೀಥೇನ್, ಈಥೇನ್, ಪ್ರೋಪೇನ್" ಎಂದು ಅಲ್ಲಿಗೇ ತಡವರಿಸಿದಾಗ, ಹೀರೇಕಾಯಿ ಹೆಚ್ಚುತ್ತಿದ್ದ ನಾನು "ಬ್ಯುಟೇನ್" ಎಂದುಬಿಟ್ಟೆ. ನಾಲ್ಕನೇ ಕ್ಲಾಸು ಓದಿದವಳಿಗೆ ಇದೆಲ್ಲಿಂದ ಬಂತು ಎಂದು ನೀವೆಲ್ಲ ಸುತ್ತ ನಿಂತು ಕೇಳಿದಿರಿ. ಅಷ್ಟು ಜನ ಒಟ್ಟಿಗೆ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ. ಬರೆದರೆ ಹೊರಡಬಹುದು.

ಆಗ ನನಗೆ ಹದಿನೇಳು. ಹೊಸನಗರದ ಕಡೆ, ಶರಾವತಿಯ ದಂಡೆಯ ಒಂದು ಸಣ್ಣ ಊರು ನಮ್ಮದು. ನಮ್ಮಪ್ಪಯ್ಯ ಗೇಣಿಗೆ ಗದ್ದೆ ಮಾಡುತ್ತಿದ್ದರು. ಕೆಳಗೆ ನದಿಗೆ ಕಟ್ಟೆ ಕಟ್ಟಿದ ಮೇಲೆ ನೀರು ಹಿಂದಕ್ಕೆ ಹಿಂದಕ್ಕೆ ಬಂತು. ಮೊದಲು ಗದ್ದೆ ಹೋಯಿತು, ಆಮೇಲೆ ದಾರಿ, ಕೊನೆಗೆ ಮನೆ. ಮನೆ ಬಿಡುವ ದಿನ ನಮ್ಮವರಲ್ಲಿ ಒಂದು ಕ್ರಮವಿತ್ತು. ಆ ಮನೆಯನ್ನು ನಂಬಿಕೊಂಡಿದ್ದ ಎಲ್ಲರನ್ನೂ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಬೇಕು: ಮನೆದೇವರು, ಗದ್ದೆ ಕಾಯುವ ಭೂತ, ತೀರಿಹೋದ ಅಜ್ಜ, ಅಜ್ಜಿ. "ನಾವು ಹೊರಟ್ವಿ, ನೀವೂ ಬನ್ನಿ" ಎಂದು ಕರೆದು, ಆಮೇಲೆ ತಿರುಗಿ ನೋಡದೆ ನಡೆಯಬೇಕು. ಹೆಸರು ಹಿಡಿದು ಕರೆಯದಿದ್ದರೆ ಅವರು ಅಲ್ಲೇ ಉಳಿಯುತ್ತಾರೆ.

ಅಪ್ಪಯ್ಯ ಎಲ್ಲರನ್ನೂ ಕರೆದರು. ಭೂತನ ಕಲ್ಲನ್ನು ಬುಟ್ಟಿಯಲ್ಲಿಟ್ಟುಕೊಂಡು ಕೋಣಂದೂರಿನಾಚೆ ಸಿಕ್ಕಿದ ಹೊಸ ಜಾಗಕ್ಕೆ ಹೋದರು, ಸೂರು ಕಟ್ಟಲು. ಅವ್ವ ಹೋಗಲಿಲ್ಲ. ನೀರಿನ ಮೇಲಿನ ಗುಡ್ಡದ ಓರೆಯಲ್ಲಿ ಒಂದು ಗುಡ್ಲು ಹಾಕಿಸಿಕೊಂಡು, "ಬೇಸಗೆ ಕಳೀಲಿ, ಆಮೇಲೆ ಬರ್ತೀನಿ" ಎಂದಳು. ಅವಳ ಜೊತೆ ನಾನೂ ಉಳಿದೆ. ಒಂದು ಬೇಸಗೆ ಕಳೆದು ಇನ್ನೊಂದು ಬಂತು. ಮುಂದಿನ ಮಳೆಗಾಲಕ್ಕೆ ನೀರು ಗುಡ್ಲಿಗೂ ಬರುತ್ತದೆಂದು ಎಲ್ಲರೂ ಹೇಳಿದರು. ಶುಕ್ರವಾರ ಗಾಡಿ ಕಳಿಸುತ್ತೇನೆ, ಈ ಸಲ ಹೊರಡಲೇಬೇಕು ಎಂದು ಅಪ್ಪಯ್ಯ ಹೇಳಿ ಕಳಿಸಿದ್ದರು.

ಅವ್ವ ಯಾಕೆ ಹೊರಡುವುದಿಲ್ಲ ಎಂದು ನನಗೆ ಅರ್ಧ ಗೊತ್ತಿತ್ತು. ನನಗಿಂತ ಮೊದಲು ಅವಳಿಗೆ ಒಂದು ಹೆಣ್ಣು ಕೂಸು ಹುಟ್ಟಿ, ಒಂಬತ್ತನೇ ದಿನ ತೀರಿಕೊಂಡಿತ್ತು. ಹೆಸರಿಡುವ ದಿನಕ್ಕೆ ಇನ್ನೂ ಎರಡು ದಿನ ಬಾಕಿ. ಹಾಗೆ ಹೋದ ಕೂಸಿಗೆ ನಮ್ಮ ಕಡೆ ಆಮೇಲೆ ಹೆಸರಿಡುವುದಿಲ್ಲ, ಮಕ್ಕಳ ಲೆಕ್ಕಕ್ಕೆ ಸೇರಿಸುವುದಿಲ್ಲ, ಅದರ ಸುದ್ದಿಯನ್ನೂ ಎತ್ತುವುದಿಲ್ಲ. ಹಿತ್ತಲಿನ ಹೊನ್ನೆಮರದ ಬುಡದಲ್ಲಿ ಹೂತಿದ್ದರಂತೆ. ಅಜ್ಜಿ ಸಾಯುವ ಮೊದಲು ನನ್ನೊಬ್ಬಳ ಕಿವಿಗೆ ಹೇಳಿದ್ದಳು. ತಮ್ಮನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ತಮ್ಮ ಸಾಗರದಲ್ಲಿ ಪಿಯುಸಿ ಓದುತ್ತಿದ್ದ. ಪರೀಕ್ಷೆಗೆ ಓದಲೆಂದು ರಜೆ ಕೊಟ್ಟಿದ್ದರು, ಗುಡ್ಲಿಗೆ ಬಂದಿದ್ದ. ನನಗೆ ಇಂಗ್ಲಿಷ್ ಅಕ್ಷರ ಬಾರದು. ಅದಕ್ಕೆ ಅವನು ಎಲ್ಲವನ್ನೂ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದುಕೊಟ್ಟು, "ಅಕ್ಕಾ, ನೀನು ಮೇಷ್ಟ್ರು. ತಪ್ಪಿದ್ರೆ ಕಿವಿ ಹಿಂಡು" ಎನ್ನುತ್ತಿದ್ದ.

"ಕಾರ್ಬನ್ ಒಂದು?"

"ಮೀಥೇನ್."

"ಮೂರು?"

"ಪ್ರೋಪೇನ್. ಹೈಡ್ರೋಜನ್ ಎಂಟು. ಹೊಟ್ಟೆಯಲ್ಲಿ ರೊಟ್ಟಿ ಸೊನ್ನೆ."

ಅವನಿಗೆ ಬೋರ್ಡಿನ ಮೇಲಿನ ಚಿತ್ರ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೆ ಹಿಟ್ಟು ಕೊಡೆಂದು ನನ್ನನ್ನು ಕಾಡಿದ. ರಾಗಿ ಹಿಟ್ಟಿನ ಕಪ್ಪು ಉಂಡೆ ಕಾರ್ಬನ್, ಅಕ್ಕಿ ಹಿಟ್ಟಿನ ಸಣ್ಣ ಬಿಳಿ ಉಂಡೆ ಹೈಡ್ರೋಜನ್, ನಡುವೆ ಪೊರಕೆಯಿಂದ ಕಿತ್ತ ಕಡ್ಡಿ. ಕಪ್ಪಿನದಕ್ಕೆ ನಾಲ್ಕು ಕೈ, ಬಿಳಿಯದಕ್ಕೆ ಒಂದೇ ಕೈ. ಯಾರ ಕೈಯೂ ಖಾಲಿ ಇರಬಾರದು, ಅದೇ ನಿಯಮ ಎಂದ. ಸಾಲಾಗಿ ಮಾಡಿದ, ಕೊಂಬೆ ಒಡೆಸಿ ಮಾಡಿದ, ಬಿಸಿಲಿಗೆ ಒಣಗಲಿಟ್ಟ.

"ತಿನ್ನೋ ಹಿಟ್ಟಲ್ಲಿ ಎಂತ ಆಟ ಅದು?" ಎಂದು ಅವ್ವ ಗದರಿದಳು.

"ಪಾಸಾದ್ಮೇಲೆ ಹುರಿದು ತಿಂತೀನಿ ಬಿಡವ್ವ."

ಅವ್ವ ನಗಲಿಲ್ಲ. ಅವಳು ಹೊತ್ತು ಇಳಿಯುವಾಗ ದಿನಾ ನೀರಿನ ಅಂಚಿಗೆ ಹೋಗಿ ಕೂರುತ್ತಿದ್ದಳು. ಆ ವರ್ಷ ಬೇಸಗೆಗೆ ನೀರು ಬಹಳ ಇಳಿದು, ಹೊನ್ನೆಮರದ ಒಣಗಿದ ಕಾಂಡ ಕಾಣುತ್ತಿತ್ತು. ಅದರ ಬುಡದಿಂದ ಗುಳ್ಳೆ ಏಳುತ್ತಿದ್ದವು. ಒಂದಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಸಾಲಾಗಿ ನಾಲ್ಕೈದು, ಮತ್ತೆ ಏನೂ ಇಲ್ಲ. ಒಂದು ದಿನ ನಾನು ಹಿಂದೆ ಹೋಗಿ ನಿಂತೆ. ಅವ್ವ ತಿರುಗದೆ ಹೇಳಿದಳು, "ಉಸಿರು ಬಿಡ್ತಾ ಇದೆ ನೋಡು." ಯಾರು ಎಂದು ನಾನು ಕೇಳಲಿಲ್ಲ. 

ಇದನ್ನು ತಮ್ಮನಿಗೆ ಹೇಳಿದೆ. ಗುಳ್ಳೆಯ ವಿಷಯ ಮಾತ್ರ. ಅವ್ವ ಭೂತಕ್ಕೆ ಹೆದರಿ ಕೂತಿದ್ದಾಳೆ ಎಂದುಕೊಂಡ ಅವನು ಕುಣಿದೇಬಿಟ್ಟ.

"ಅಯ್ಯೋ ಅಕ್ಕಾ, ಅದೇ ಮೀಥೇನ್! ಕಾರ್ಬನ್ ಒಂದು, ಹೈಡ್ರೋಜನ್ ನಾಲ್ಕು. ಕೆಸರಲ್ಲಿ ಎಲೆ ಕೊಳೆತ್ರೆ ಬರೋದು. ಕಣ್ಣಾರೆ ತೋರಿಸ್ತೀನಿ, ಅವ್ವ ನಾಳೇನೇ ಗಂಟು ಕಟ್ತಾಳೆ."

ನಾನು ಅವತ್ತು ಬಾಯಿ ಬಿಡಬೇಕಿತ್ತು. ಎತ್ತಬಾರದ ಸುದ್ದಿ ಎಂದು ಸುಮ್ಮನಿದ್ದೆ.

ಮಾರನೇ ದಿನ ಸಂಜೆ, ಗುಡ್ಡದ ನೆರಳು ನೀರಿನ ಮೇಲೆ ಬಿದ್ದಾಗ, ಅವನು ಹೊನ್ನೆಮರದ ಹತ್ತಿರ ಸೊಂಟದವರೆಗೆ ನೀರಿಗಿಳಿದ. ಔಷಧಿಯ ಗಾಜಿನ ಬಾಟಲಿಗೆ ನೀರು ತುಂಬಿ ತಲೆಕೆಳಗಾಗಿ ಹಿಡಿದು, ಬಾಯಿಗೆ ತಗಡಿನ ಆಲಿಕೆ ಇಟ್ಟು, ಕಾಲಲ್ಲಿ ಕೆಸರು ಕಲಕಿದ. ಗುಳ್ಳೆಗಳು ಬಾಟಲಿಗೆ ಏರಿ ನೀರನ್ನು ಕೆಳಗೆ ತಳ್ಳಿದವು. ಹೆಬ್ಬೆರಳಲ್ಲಿ ಬಾಯಿ ಮುಚ್ಚಿಕೊಂಡು ದಂಡೆಗೆ ಬಂದ. ಬಾಟಲಿ ನೋಡಿದರೆ ಬರಿದು.

"ಅವ್ವಾ, ಇಲ್ಲಿ ನೋಡು. ಭೂತನೂ ಇಲ್ಲ, ಗೀತನೂ ಇಲ್ಲ. ಅಕ್ಕಾ, ಕಡ್ಡಿ ಗೀರು."

ಕಡ್ಡಿ ಗೀರಿದವಳು ನಾನು. ಅವನು ಬೆರಳು ತೆಗೆದ. ಬುಸ್ ಎಂದು ಸಣ್ಣ ಸದ್ದಾಗಿ, ಬಾಟಲಿಯ ಬಾಯಲ್ಲಿ ತೆಳ್ಳಗೆ ಒಂದು ನೀಲಿ ಉರಿ ಎದ್ದು, ಒಳಗೆ ಇಳಿದು, ತಳ ಮುಟ್ಟಿ ಆರಿತು. ಅಷ್ಟೇ. ಗಾಜಿಗೆ ಒಳಗಿನಿಂದ ಬೆವರು ಕೂತಿತ್ತು.

"ಎಂತದು ಅದು?" ಅವ್ವನ ದನಿ ಬಹಳ ಮೆಲ್ಲಗಿತ್ತು.

"ಮೀಥೇನ್ ಅಂತ. ಒಳಗೆ ಕೊಳೆತದ್ರಿಂದ ಬರುತ್ತೆ. ಎಲೆ, ಬೇರು, ಒಳಗಿರೋದೆಲ್ಲ."

"ಎಲ್ಲಾನೂ?"

"ಹ್ಞೂಂ ಮತ್ತೆ, ಎಲ್ಲಾನೂ."

ಅವ್ವ ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಬಿಸಿ ಇತ್ತು. ಸೆರಗಲ್ಲಿ ಸುತ್ತಿ ಎದೆಗೆ ಹಿಡಿದಳು.

"ಕೂಸನ್ನ ಸುಡಬಾರ್ದು ಅಂತ ಮಣ್ಣು ಮಾಡಿದ್ದೆ," ಎಂದಳು. "ನೀನು ಸುಟ್ಟೆಯಲ್ಲೋ."

ತಮ್ಮ ನನ್ನ ಮುಖ ನೋಡಿದ. ನಾನು ಕಡ್ಡಿಪೆಟ್ಟಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ.

ಅವತ್ತು ರಾತ್ರಿಯೂ ಮಾರನೇ ದಿನವೂ ಅವ್ವ ಊಟ ಮಾಡಲಿಲ್ಲ. ಗಾಡಿ ಬಂದರೂ ನಾನು ಹತ್ತುವುದಿಲ್ಲ, ನೀವಿಬ್ಬರೂ ಹೋಗಿ ಎಂದಳು. ತಮ್ಮನಿಗೆ ನಾನು ಆಗ ಎಲ್ಲವನ್ನೂ ಹೇಳಿದೆ. ಅವನು ಪುಸ್ತಕ ಮುಚ್ಚಿಟ್ಟ. ಕೆಸರಿನಲ್ಲಿ ಎಲೆ ಬಿಟ್ಟು ಇನ್ನೇನೂ ಇರಲಿಕ್ಕಿಲ್ಲ, ಅಷ್ಟು ವರ್ಷವಾಗಿದೆ ಎಂದು ನನಗೆ ಹೇಳಿದ. ಅವ್ವನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ.

ಗುರುವಾರ ಮಧ್ಯಾಹ್ನ ನಾನೇ ನೋಟ್‌ಬುಕ್ಕು ತೆಗೆದೆ. ಓದದೆ ಪರೀಕ್ಷೆಗೆ ಹೋಗುವುದು ಹೇಗೆ? ಅವ್ವ ತಟ್ಟಿಯ ಆಚೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಐದು ಕಾರ್ಬನ್ನಿನ ಸಾಲು, ಒಂದು ಕೊಂಬೆ. ಯಾವ ತುದಿಯಿಂದ ಎಣಿಸೋದು?" ಎಂದು ಕೇಳಿದೆ.

"ಕೊಂಬೆ ಹತ್ರ ಇರೋ ತುದಿಯಿಂದ." ಒಣಗಿದ ಉಂಡೆಗಳನ್ನು ಮುಟ್ಟಿ ತೋರಿಸಿದ. "ಈ ಕಡೆಯಿಂದ ಎಣಿಸಿದ್ರೆ ಕೊಂಬೆ ಎರಡನೇದ್ರಲ್ಲಿ. ಆ ಕಡೆಯಿಂದ ಎಣಿಸಿದ್ರೆ ನಾಲ್ಕನೇದ್ರಲ್ಲಿ. ಎರಡೇ ಸರಿ. ಎರಡು ಮೀಥೈಲ್ ಪೆಂಟೇನ್. ತಪ್ಪು ತುದಿಯಿಂದ ಎಣಿಸಿದ್ರೆ ಹೆಸರೂ ತಪ್ಪು."

ತಟ್ಟಿಯ ಆಚೆಯಿಂದ ಅವ್ವನ ದನಿ ಬಂತು. "ಆ ಹೆಸರು ಯಾರು ಇಡ್ತಾರೋ?"

ತಮ್ಮ ಗಾಬರಿಯಾದ. "ಯಾರೂ ಇಡಲ್ಲ ಅವ್ವ. ಎಷ್ಟನೇದು ಅಂತ ಎಣಿಸಿದ್ರೆ ಹೆಸರು ತಾನಾಗೇ ಬರುತ್ತೆ."

"ಪುರೋಹಿತ್ರು ಬ್ಯಾಡ್ವಾ? ದಿನ ನೋಡೋದು ಬ್ಯಾಡ್ವಾ?"

"ಯಾರೂ ಬ್ಯಾಡ. ಸಾಲಲ್ಲಿ ಅದರ ಜಾಗ ಗೊತ್ತಾದ್ರೆ ಸಾಕು."

ಅವ್ವ ಎದ್ದು ಬಂದಳು. ತಲೆ ಕೆದರಿತ್ತು. ಉಂಡೆಗಳಲ್ಲಿ ಹುಡುಕಿ, ಮೂರು ಕಪ್ಪು ಇದ್ದ ಸಾಲನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಮೊದಲನೆಯದನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಗಂಜಿ ಕೇಳಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ನನ್ನನ್ನು ಶಾಲೆಯ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಮನೆಯ ಹಿರಿ ಹುಡುಗಿಯನ್ನು ನಮ್ಮ ಕಡೆ ಕರೆಯುವಂತೆ ಹುಟ್ಟಿದಂದಿನಿಂದ ನಾನು ದೊಡ್ಡಮ್ಮಿ. ಹದಿನೇಳು ವರ್ಷ ಆ ಕೂಗಿಗೆ "ಬಂದೇ" ಎಂದು ಓಗೊಟ್ಟವಳು.

ಶುಕ್ರವಾರ ಬೆಳಿಗ್ಗೆ ಗಾಡಿ ಬಂತು. ಸಾಮಾನು ಹೇರಿದೆವು. ಅವ್ವ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿ, ನೀರಿನ ಅಂಚಿಗೆ ಹೋದಳು. ನಾವಿಬ್ಬರೂ ಹತ್ತು ಹೆಜ್ಜೆ ಹಿಂದೆ ನಿಂತೆವು. ಗಾಳಿ ಇರಲಿಲ್ಲ. ನೀರು ಕನ್ನಡಿಯ ಹಾಗಿತ್ತು, ಒಂದು ಗುಳ್ಳೆಯೂ ಇರಲಿಲ್ಲ.

"ದೊಡ್ಡಮ್ಮೀ," ಎಂದು ಕೂಗಿದಳು, "ನಾವು ಹೊರಟ್ವಿ. ನೀನೂ ಬಾರೇ."

ನನ್ನ ಬಾಯಿಗೆ "ಬಂದೇ" ಬಂದೇಬಿಟ್ಟಿತ್ತು. ಕಾಲು ಅರ್ಧ ಹೆಜ್ಜೆ ಮುಂದೆ ಹೋಗಿತ್ತು. ತಮ್ಮ ನನ್ನ ಮೊಣಕೈ ಹಿಡಿದ. ಅವ್ವ ನೋಡುತ್ತಿದ್ದದ್ದು ನನ್ನ ಕಡೆಯಲ್ಲ. ನಾನು ಓಗೊಟ್ಟರೆ ಆ ಹೆಸರು ಮತ್ತೆ ನನ್ನದೇ ಆಗುತ್ತದೆ, ನೀರಿನಲ್ಲಿರುವವಳಿಗೆ ಏನೂ ಉಳಿಯುವುದಿಲ್ಲ, ಅವ್ವ ಗಾಡಿ ಹತ್ತುವುದಿಲ್ಲ. ತುಟಿ ಕಚ್ಚಿಕೊಂಡೆ. ಉಪ್ಪುಪ್ಪು ರಕ್ತ ಬಂತು.

ಅವಳು ಮೂರು ಸಲ ಕೂಗಿದಳು. ಮೂರು ಸಲವೂ ನಾನು ಓಗೊಡಲಿಲ್ಲ. ಮೂರನೇ ಸಲದ ಮೇಲೆ ಹೊನ್ನೆಮರದ ಹತ್ತಿರ ನೀರು ಒಂದಿಷ್ಟು ಅಲುಗಿತು. ಮೀನೂ ಇರಬಹುದು. ಅವ್ವ ಬಗ್ಗಿ, ಎಡಗೈಯನ್ನು ಸಣ್ಣ ಮಗುವಿಗೆ ಚಾಚುವ ಹಾಗೆ ಕೆಳಗೆ ಚಾಚಿ, ಬೆರಳು ಮಡಿಸಿಕೊಂಡಳು. ತಿರುಗಿ ನೋಡದೆ ಗುಡ್ಡ ಹತ್ತಿದಳು. ದಾರಿಯುದ್ದಕ್ಕೂ ಆ ಕೈಯನ್ನು ಹಾಗೆಯೇ ಹಿಡಿದಿದ್ದಳು. ಗಾಡಿಯಲ್ಲಿ ನಾನು ಅವಳ ಎಡಕ್ಕೆ ಕೂರಲು ಹೋದಾಗ, "ಆ ಕಡೆ ಕೂರು" ಎಂದಳು.

ಮಾರನೇ ದಿನ ಕೋಣಂದೂರು ದಾಟಿ ಹೊಸ ಸೂರಿಗೆ ಮುಟ್ಟಿದೆವು. ಅಪ್ಪಯ್ಯ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದರು. ಹೊಸ ಮನೆಗೆ ಹಿರಿ ಹುಡುಗಿ ಮೊದಲು ಕಾಲಿಡಲಿ ಎಂದು ಅವರು ನನ್ನನ್ನು ಕರೆದರು. ನಾನು ಹೊಸಿಲವರೆಗೆ ಹೋದೆ. ಅವ್ವ ಬಲಗೈ ಅಡ್ಡ ಹಿಡಿದಳು.

"ಸ್ವಲ್ಪ ತಡಿಯೇ," ಎಂದಳು. ನನ್ನನ್ನು ದೊಡ್ಡಮ್ಮಿ ಎನ್ನಲಿಲ್ಲ. ಆಮೇಲೆ ಬದುಕಿದ್ದಷ್ಟು ದಿನವೂ ಅನ್ನಲಿಲ್ಲ.

ಅವಳು ಬಾಗಿಲ ಪಕ್ಕಕ್ಕೆ ಸರಿದು, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಪ್ಪಯ್ಯ ಏನೂ ತಿಳಿಯದೆ ಚೊಂಬು ಹಿಡಿದು ಹಾಗೇ ನಿಂತಿದ್ದರು.  ಒಂದು ಮಗು ಹೊಸಿಲು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾವೆಲ್ಲ ಕಾದೆವು.

"ಈಗ ನೀನು," ಎಂದಳು ಅವ್ವ.

ನಾನು ಎರಡನೆಯವಳಾಗಿ ಒಳಗೆ ಹೋದೆ.