ಕೆನ್ನೆಯ ಮೇಲೆ ಬಿದ್ದ ಶಾಯಿ

ಮೊಮ್ಮಗಳು ನನ್ನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಅಲುಗಾಡಬಾರದೆಂದು ಅಪ್ಪಣೆ ಮಾಡಿ, ಫೌಂಟನ್ ಪೆನ್ನಿನಲ್ಲಿ ನನ್ನ ಮುಖ ಬರೆಯಲು ಕುಳಿತಿದ್ದಾಳೆ. ಅವಳು ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಶಾಯಿಯ ವಾಸನೆಗೆ ನನ್ನ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಎಪ್ಪತ್ತು ದಾಟಿದ ಹೆಂಗಸು ಹೀಗೆ ಮುಖ ಮುಚ್ಚಿಕೊಳ್ಳುವುದೆಂದರೆ ನಿಮಗೆ ನಗು ಬಂದೀತು. ನಗಿ, ಬೇಡವೆನ್ನುವುದಿಲ್ಲ, ಆದರೆ ಕಾರಣ ಕೇಳಿಕೊಂಡು ನಗಿ.

ಇದು ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಾತು. ನಮ್ಮದು ಅಳಿಯಸಂತಾನದ ಮನೆ. ಅಮ್ಮನ ಅಣ್ಣನೇ ಯಜಮಾನ. ಮಾವನಿಗೆ ಹಂಪನಕಟ್ಟೆಯಲ್ಲಿ ಬಟ್ಟೆಯಂಗಡಿ, ಅಂಗಿಯ ಕಿಸೆಯಲ್ಲಿ ಸದಾ ಒಂದು ಫೌಂಟನ್ ಪೆನ್ನು. ಅಂಗಡಿಯ ಲೆಕ್ಕಕ್ಕೆ ಪೆನ್ಸಿಲ್ಲೇ ಸಾಕು, ಪೆನ್ನೇನಿದ್ದರೂ ಚಿತ್ರಕ್ಕೆ. ಸುಳ್ಳೇಕೆ, ಬರೆಯುತ್ತಿದ್ದದ್ದೂ ಚೆನ್ನಾಗಿಯೇ. ಅವರು ಬರೆದ ಬೆಕ್ಕು ಬೆಕ್ಕಿನ ಹಾಗೆಯೇ ಇರುತ್ತಿತ್ತು, ನಮ್ಮೂರಿನ ಬೇರೆ ಚಿತ್ರಗಾರರ ಬಗ್ಗೆ ಅಷ್ಟು ಹೇಳುವಂತಿರಲಿಲ್ಲ.

ಬೊಂಬಾಯಿಯಲ್ಲಿ ಕೆಲಸದಲ್ಲಿದ್ದ ಒಬ್ಬ ಹುಡುಗನ ಕಡೆಯವರು ನನ್ನ ಫೋಟೋ ಕೇಳಿದರು. ಅಮ್ಮ ಸ್ಟುಡಿಯೋಗೆ ಹೊರಟು ನಿಂತರೆ ಮಾವ ಬಿಡಬೇಕಲ್ಲ! "ಫೋಟೋದವನು ನಮ್ಮ ಹುಡುಗಿಯನ್ನು ಮಸಿ ಮಾಡಿ ಕೊಡ್ತಾನೆ ಮಾರಾಯ್ತಿ. ನಾನು ಉಂಟಲ್ಲ, ನಾನೇ ಬರೀತೇನೆ" ಎಂದರು.

ಆಟಿ ತಿಂಗಳು, ಬಿಡದ ಮಳೆ. ಮನೆಯ ಕಾಗದವೆಲ್ಲ ತೇವ ಕುಡಿದು, ಎಳೆದ ಗೆರೆಗೆಲ್ಲ ಮೀಸೆ ಮೂಡುತ್ತಿತ್ತು. ಕ್ಯಾಲೆಂಡರಿನ ನುಣುಪಾದ ಬೆನ್ನಿನಲ್ಲಿ ಶಾಯಿ ಹರಡಲಿಲ್ಲ, ಆದರೆ ಒಣಗಲೂ ಇಲ್ಲ. ಕೈ ತಾಗಿದ್ದೇ ನನ್ನ ಹುಬ್ಬು ಕಿವಿಯವರೆಗೆ ಹೋಯಿತು. ಕೊನೆಗೆ ದಪ್ಪ ಕಾಗದ ತಂದು, ತೇವ ಹೀರಲೆಂದು ಅಕ್ಕಿಯ ಡಬ್ಬದಲ್ಲಿ ಹುಗಿದಿಟ್ಟರು. "ಗಂಜಿಗೆ ಅಕ್ಕಿ ತೆಗೆಯಲಿಕ್ಕೂ ಇನ್ನು ನಿಮ್ಮ ಅಪ್ಪಣೆ ಬೇಕಾ?" ಎಂದು ಅಮ್ಮ ಗೊಣಗಿದಳು. ನೀಲಿ ಶಾಯಿ ತೆಳುವೆಂದು ಕಪ್ಪು ಶಾಯಿಯ ಮಾತ್ರೆಯನ್ನೇ ಬಿಸಿನೀರಿನಲ್ಲಿ ಕರಗಿಸಿ, ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ ಪೆನ್ನಿಗೆ ತುಂಬಿದರು.

ಚಿತ್ರ ಮುಗಿಯುತ್ತ ಬಂದಿತ್ತು. ಪೆನ್ನಿನಲ್ಲಿ ಶಾಯಿ ಕಡಿಮೆಯಾದಾಗ ಅದನ್ನು ಮುಷ್ಟಿಯಲ್ಲಿ ಬಹಳ ಹೊತ್ತು ಹಿಡಿಯಬಾರದು. ಕೈಯ ಬಿಸಿಗೆ ಅದು ಕಾರಿಕೊಳ್ಳುತ್ತದೆ. ಇದನ್ನು ನನಗೆ ಕಲಿಸಿದವರೇ ಮಾವ. ಅಂದು ಅವರು ತಾವೇ ಬರೆದ ಮೂಗಿಗೆ ಮರುಳಾಗಿ, ಪೆನ್ನು ಹಿಡಿದುಕೊಂಡು ಅದನ್ನೇ ನೋಡುತ್ತ ಕುಳಿತರು. ಕಾಗದದ ಮೇಲಿನ ನನ್ನ ಎಡಗೆನ್ನೆಗೆ ಟಪ್ಪೆಂದು ಒಂದು ಹನಿ ಬಿತ್ತು. ಒತ್ತುಕಾಗದ ಇಟ್ಟು ತೆಗೆದರೆ ದುಂಡಗಿನ ಕಪ್ಪು ಬೊಟ್ಟು.

"ಬೇರೆ ಬರೆಯಿರಿ ಅಣ್ಣ" ಎಂದಳು ಅಮ್ಮ.

"ಮೂಗು ಇಷ್ಟು ಚಂದ ಇನ್ನೊಮ್ಮೆ ಬರ್ತದಾ? ದೃಷ್ಟಿಬೊಟ್ಟು ಅಂತ ತಿಳ್ಕೊಳ್ತಾರೆ, ಬಿಡು."

ಹುಡುಗನ ಕಡೆಯವರು ತಿಳಿದುಕೊಂಡದ್ದು ಮಚ್ಚೆಯೆಂದು. ಎಡಗೆನ್ನೆಯಲ್ಲಿ ಮಚ್ಚೆಯಿರುವ ಹುಡುಗಿ ಕಾಲಿಟ್ಟ ಮನೆ ಏಳಿಗೆಯಾಗುತ್ತದೆಂದು ಯಾರೋ ಹೇಳಿದ್ದರಂತೆ. ಮಳೆ ಇಳಿದ ಮೇಲೆ ಹುಡುಗ, ಅವನ ದೊಡ್ಡಮ್ಮ, ಇನ್ನಿಬ್ಬರು ಚಿತ್ರ ಹಿಡಿದುಕೊಂಡೇ ಬಂದರು. ದೊಡ್ಡಮ್ಮ ನನ್ನನ್ನು ನೋಡಿದರು, ಚಿತ್ರ ನೋಡಿದರು, ಮತ್ತೆ ನನ್ನನ್ನು.

"ಇದೆಂತ? ಇವಳಿಗೆ ಮಚ್ಚೆಯೇ ಇಲ್ಲವಲ್ಲ. ಒಬ್ಬಳನ್ನು ಬರೆದು ಕಳಿಸಿ ಇನ್ನೊಬ್ಬಳನ್ನು ತೋರಿಸುವುದಾ?"

ನಾನು ಮಾವನ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಆದರೆ ಇಷ್ಟು ಜನರ ಮುಂದೆ ಯಜಮಾನನ ಪೆನ್ನು ಕಾರಿತೆಂದು ಹೇಳುವುದು ಹೇಗೆ? "ಉಂಟು, ಉಂಟು. ಪೌಡರಿನಲ್ಲಿ ಕಾಣುವುದಿಲ್ಲ" ಎಂದುಬಿಟ್ಟರು.

ದೊಡ್ಡಮ್ಮ ನನ್ನನ್ನು ಕಿಟಕಿಯ ಬಳಿಗೆ ಕರೆದೊಯ್ದು, ಸೆರಗಿನ ತುದಿ ಒದ್ದೆ ಮಾಡಿ ನನ್ನ ಕೆನ್ನೆ ಉಜ್ಜಿದರು. ಪೌಡರು ಹೋಯಿತು, ಕೆನ್ನೆ ಕೆಂಪಾಯಿತು, ಇಲ್ಲದ ಮಚ್ಚೆ ಎಲ್ಲಿಂದ ಬರಬೇಕು? ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ನೆಲ ಬಿರಿಯಬಾರದೇ ಎಂದು ಹೇಳುತ್ತಾರಲ್ಲ, ನನಗೆ ಅಷ್ಟೂ ತೋಚಲಿಲ್ಲ. ನನ್ನದೇ ಮುಖ ಹೊತ್ತು ನಾನು ಕಳ್ಳಿಯಂತೆ ನಿಂತಿದ್ದೆ.

ಅವರು ಎದ್ದು ಹೋದ ಮೇಲೆ ಮಾವ ಕೊಡೆ ತೆಗೆದುಕೊಂಡು, ಅವರು ಉಳಿದುಕೊಂಡಿದ್ದ ಫಳ್ನೀರಿನ ನೆಂಟರ ಮನೆಗೆ ನಡೆದರು. ಅಲ್ಲಿ ಎಲ್ಲವನ್ನೂ ಒಪ್ಪಿಕೊಂಡರಂತೆ. "ಶಾಯಿ ಬಿದ್ದದ್ದಕ್ಕೆ ನಾವು ಬೇಡ ಹೇಳುವುದಲ್ಲ. ಹುಡುಗಿಯನ್ನು ಎದುರು ನಿಲ್ಲಿಸಿಕೊಂಡು ಸುಳ್ಳು ಹೇಳಿದಿರಲ್ಲ" ಎಂದು ಹುಡುಗನ ಕಡೆಯವರು ಹೇಳಿದ್ದನ್ನು ಅಮ್ಮ ನನಗೆ ತಿಳಿಸಿದಳು.

ಊರು ಸುಮ್ಮನಿರುತ್ತದೆಯೇ? ಬಾವಿಕಟ್ಟೆಯಲ್ಲಿ ಹೆಂಗಸರ ಕಣ್ಣು ಮೊದಲು ನನ್ನ ಕೆನ್ನೆಗೇ ಬೀಳುತ್ತಿತ್ತು. ಬಲ್ಮಠದ ದಾರಿಯಲ್ಲಿ ನನ್ನ ಗೆಳತಿಯೇ "ನಿನ್ನ ಮಚ್ಚೆ ಎಲ್ಲಿ ಬಿದ್ದುಹೋಯಿತೇ?" ಎಂದು ನಕ್ಕಳು. ನಾನೂ ನಕ್ಕು, ಮನೆಗೆ ಬಂದು ಬಚ್ಚಲಲ್ಲಿ ಮುಖ ತೊಳೆದೆ. ಏನನ್ನು ತೊಳೆದೆನೋ ನನಗೇ ತಿಳಿಯದು.

ಮರುವರ್ಷ ಒಳ್ಳೆಯ ಕಡೆಯೇ ಮದುವೆಯಾಯಿತು. ಅಂಗಡಿಯ ಅತಿ ಚಂದದ ಸೀರೆಯನ್ನು ಮಾವ ನನಗೆ ತೆಗೆದಿಟ್ಟಿದ್ದರು. ಆದರೆ ಅದನ್ನು ಕೊಟ್ಟದ್ದು ಅಮ್ಮನ ಕೈಯಲ್ಲಿ. ನಾನು ಎದುರಿಗೇ ಇದ್ದರೂ "ಅವಳಿಗೆ ಊಟ ಆಯ್ತಾ ಕೇಳು" ಎನ್ನುತ್ತಿದ್ದರು. ಅವರ ಕಿಸೆಯಲ್ಲಿ ಮತ್ತೆ ಪೆನ್ನು ಕಾಣಲಿಲ್ಲ. ನನ್ನಿಂದಾಗಿ ಅವರ ಮಾನ ಹೋಯಿತೆಂಬ ಸಿಟ್ಟಿರಬೇಕು ಎಂದುಕೊಂಡೆ. ಅವರು ತೀರಿಕೊಳ್ಳುವವರೆಗೂ ಹಾಗೆಯೇ ಎಂದುಕೊಂಡಿದ್ದೆ.

"ಅಯ್ಯೋ!" ಎಂದಳು ಮೊಮ್ಮಗಳು. ನೋಡಿದರೆ ಕಾಗದದ ಮೇಲೆ ನನ್ನ ಹಣೆಯ ತುಂಬ ಶಾಯಿ. "ತಪ್ಪು ನಂದು ಅಜ್ಜಿ. ಕಾಗದ ಒದ್ದೆ ಉಂಟಾ ಅಂತ ನೋಡ್ಲೇ ಇಲ್ಲ. ಇನ್ನೊಂದು ಬರೀತೇನೆ, ಆಯ್ತಾ?" ಎನ್ನುತ್ತ ಹಾಳೆಯನ್ನು ಆಗಲೇ ಹರಿದಿದ್ದಳು.

ಇಷ್ಟು ವರ್ಷ ನಾನು ನಾಚಿದ್ದು ಆ ಕಿಟಕಿಯ ಬಳಿ ನಿಂತದ್ದಕ್ಕೆಂದು ತಿಳಿದಿದ್ದೆ. ತಪ್ಪು ತಮ್ಮದೆಂಬ ಮಾತನ್ನು ಮಾವ ಫಳ್ನೀರಿನವರೆಗೆ ನಡೆದು ಹೋಗಿ ಪರರಿಗೆ ಹೇಳಿ ಬಂದರು. ಒಂದೇ ಸೂರಿನಡಿ ಇದ್ದ ನನಗೆ ಹೇಳಲಿಲ್ಲ. ಅದಕ್ಕಾಗಿ ನಾನು ಕಾದಿದ್ದೆನೆಂಬುದೂ ನನಗೆ ಗೊತ್ತಿರಲಿಲ್ಲ.

"ಎಂತ ಹೇಳಿದೆ ಮಗಾ? ಇನ್ನೊಮ್ಮೆ ಹೇಳು" ಎಂದೆ.

ಅಜ್ಜಿಗೆ ಕಿವಿ ಮಂದವಾಯಿತೆಂದು ತಿಳಿದು ಅವಳು ಹತ್ತಿರ ಬಂದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ತಪ್ಪು ನಂದು ಅಂದೆ, ಅಜ್ಜೀ!"