ಪೀ-ಶಿಯಾಳ ಮಗಳ ಮೆದುಳು

ಚಿಯಾಯಿ ಪೇಟೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಪೀ-ಶಿಯಾಳದು. ಅವಳ ಮಗಳು ಜೂ-ಯಿನ್ ಏಳು ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬದುಕಿ ಮನೆಗೆ ಬಂದಳು. ವರ್ಷ ಕಳೆದರೂ ಕೂರಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲುಗಳು ಒಂದರ ಮೇಲೊಂದು ಹೆಣೆದುಕೊಳ್ಳುತ್ತಿದ್ದವು.

ಕಾರಣ ಹೇಳಲು ಅತ್ತೆಗೆ ಯಾವ ಡಾಕ್ಟರೂ ಬೇಕಿರಲಿಲ್ಲ. "ಬಸುರಿಯಾಗಿ ಗೋಡೆಗೆ ಮೊಳೆ ಹೊಡೆದ್ಯಲ್ಲ, ಮನೆ ಗೋಡೇಲಿ ಕೂತು ಗರ್ಭ ಕಾಯೋ ದೇವರು ಸುಮ್ನಿರ್ತಾನಾ? ಅದೇ ಮೊಳೆ ಕೂಸಿನ ತಲೆಗೆ ಹೊಕ್ಕಿದೆ." ಗುಡಿಯ ಜಗಲಿ ಮೇಲಿನ ಮುದುಕಿಯರಿಗೆಲ್ಲ ಇದನ್ನೇ ಹಂಚಿ ಬಂದಿದ್ದಳು ಮಹಾತಾಯಿ. ಗಂಡ ಯುಂಗ್-ಚಾಂಗ್ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅನ್ನ ನುಂಗಲು ಮಾತ್ರ ಬಾಯಿ ತೆರೆಯುವ ಗಂಡಸು.

ಕೂಸಿಗೆ ನಿದ್ದೆಯ ಮದ್ದು ಕೊಟ್ಟು ಎಂಆರ್‌ಐ ಮಾಡಿದರು. ಮೊಳೆ ನೋಡಲೆಂದು ಅತ್ತೆಯೂ ಮದುವೆಗೆ ಹೊರಟವಳಂತೆ ಸಿಂಗರಿಸಿಕೊಂಡು ಬಂದಳು.

ಡಾಕ್ಟರಮ್ಮ ಪರದೆ ತೋರಿಸಿದರು. "ಇದು ಮೆದುಳೊಳಗೆ ನೀರಿರೋ ಜಾಗ. ಎರಡೂ ಪಕ್ಕ ಬಿಳೀ ಮಚ್ಚೆ ಇದೆ ನೋಡಿ. ಕಾಲಿನ ನರಗಳು ಇಲ್ಲೇ ಹಾದುಹೋಗೋದು. ದಿನ ತುಂಬದ ಕೂಸಿಗೆ ಈ ಜಾಗ ಬಲು ನಾಜೂಕು, ಬೇಗ ಪೆಟ್ಟಾಗತ್ತೆ."

"ಮೊಳೆ ಎಲ್ಲಿ?" ಅಂದಳು ಅತ್ತೆ.

"ಮೊಳೆ ಇದ್ದಿದ್ರೆ ಆ ಯಂತ್ರದ ಹತ್ರಾನೂ ಬಿಡ್ತಿರ್ಲಿಲ್ಲ ಅಜ್ಜಿ. ಅದು ದೊಡ್ಡ ಅಯಸ್ಕಾಂತ."

ಮುದುಕಿ ಸೋಲುವವಳೇ? "ಮಚ್ಚೆ ಎರಡು ಅಂದ್ರಲ್ಲ! ಇವಳು ಹೊಡೆದದ್ದೂ ಎರಡೇ!"

ಪೀ-ಶಿಯಾ ಅವಳತ್ತ ತಿರುಗಿಯೂ ನೋಡಲಿಲ್ಲ. "ಮಾತು ಬರತ್ತಾ ಡಾಕ್ಟ್ರೇ? ಓದು?"

"ಬರಬಹುದು. ಚಿತ್ರ ನೋಡಿ ಅಷ್ಟೆಲ್ಲ ಹೇಳೋಕಾಗಲ್ಲಮ್ಮ. ಕಾಲಿನ ವ್ಯಾಯಾಮ ಈಗಲೇ ಶುರುಮಾಡಿ."

ಹೊರಗೆ ಬಂದಮೇಲೆ ಗಂಡನ ಬಾಯಿ ಕೊನೆಗೂ ತೆರೆಯಿತು. "ಅಮ್ಮನ ಸಮಾಧಾನಕ್ಕೆ ಗುಡಿಯಲ್ಲಿ ತಪ್ಪಾಯ್ತು ಅಂದುಬಿಡು. ನಿನ್ನ ಗಂಟೇನು ಹೋಗತ್ತೆ?"

"ನೀವೇ ಹೋಗಿ ಅನ್ನಿ, ನಿಮ್ಮಮ್ಮನ ನಾಲಿಗೆ ಪರವಾಗಿ," ಎಂದು ಪೀ-ಶಿಯಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಳು. ಅಂಗಡಿಯ ಮೇಲಿನ ಕೋಣೆಯೇ ಮನೆಯಾಯಿತು. ಗಂಡ ಹಿಂದೆ ಬರಲಿಲ್ಲ. ಬಂದಿದ್ದರೆ ಅವಳಿಗೇ ಆಶ್ಚರ್ಯವಾಗುತ್ತಿತ್ತು.

ವ್ಯಾಯಾಮವೆಂದರೆ ಕೂಸು ಚೀರುವುದು, ತಾಯಿ ಹಲ್ಲು ಕಚ್ಚಿ ಕಾಲು ನೀವುವುದು. ಎಷ್ಟೋ ದಿನ ಗಿರಾಕಿಯ ತಲೆ ತೊಳೆಯುತ್ತಲೇ ಅತ್ತಿದ್ದಾಳೆ. ಜೂ-ಯಿನ್ ಗಾಲಿಯ ಚೌಕಟ್ಟು ಹಿಡಿದು ನಡೆದದ್ದು ಐದನೇ ವರ್ಷಕ್ಕೆ. ಮಾತು ಅದಕ್ಕಿಂತ ಮೊದಲೇ ಓಡತೊಡಗಿತ್ತು.

ಶಾಲೆಯ ಕಥೆ ಹೇಳುವ ಸ್ಪರ್ಧೆಯಲ್ಲಿ ಅವಳು ಮೊದಲ ಬಹುಮಾನ ಗೆದ್ದಾಗ, ಅಷ್ಟು ವರ್ಷ ಇತ್ತ ಮುಖ ಹಾಕದಿದ್ದ ಅಜ್ಜಿ ಅನಾನಸ್ ಕಡುಬಿನ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ಕೂತ ಗಿರಾಕಿಗಳಿಗೆಲ್ಲ ಕೇಳುವಂತೆ, "ನಮ್ಮ ವಂಶದ ಮೆದುಳು ಅಂದ್ರೆ ಸುಮ್ನೇನಾ!" ಅಂದಳು.

"ಹಂಗಾದ್ರೆ ಕಾಲು ಮಾತ್ರ ಅಮ್ಮಂದಾ ಅಜ್ಜಿ?" ಅಂದಳು ಜೂ-ಯಿನ್.

ಪೀ-ಶಿಯಾ ಕತ್ತರಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುದುಕಿ ಗೊಣಗುತ್ತಾ ಅಂಗಡಿಯ ಮೆಟ್ಟಿಲಿಳಿದು ಹೋದಳು. ಕಡುಬು ಮಾತ್ರ ಚೆನ್ನಾಗಿತ್ತು. ತಾಯಿ ಮಗಳು ಕೂತು ಒಂದೂ ಬಿಡದೆ ತಿಂದರು.