ಹುಣಸೆ ಮುಗಿಯುವವರೆಗೆ

ನನ್ನ ಕಪಾಟಿನಲ್ಲಿ ರಟ್ಟು ಕಿತ್ತುಹೋದ ಒಂದು ಫುಟ್‌ಬಾಲ್ ಕಾದಂಬರಿ ಇದೆ; ಅದರ ಕೊನೆಯ ಎರಡು ಹಾಳೆಗಳು ಹುಣಸೆಹಣ್ಣಿನ ಅಂಟಿಗೆ ಒಂದನ್ನೊಂದು ಕಚ್ಚಿಕೊಂಡಿವೆ. ಫುಟ್‌ಬಾಲ್ ಹುಚ್ಚಿನ ಗೆಳೆಯರು ಬೇಸಿಗೆಗೆ ಓದಲು ಏನಾದರೂ ಹೇಳು ಎಂದಾಗಲೆಲ್ಲ ಕೈ ಅದರತ್ತ ಹೋಗಿ ಅರ್ಧದಲ್ಲೇ ನಿಲ್ಲುತ್ತದೆ. ನಾನು ಅದನ್ನು ಓದಿದವನಲ್ಲ, ಕೇಳಿದವನು. ಬರಿಯ ಪುಸ್ತಕ ಕೊಟ್ಟರೆ ಅರ್ಧವನ್ನಷ್ಟೇ ಕೊಟ್ಟಂತೆ.

ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯ ಹತ್ತಿರದ ನಮ್ಮ ಮನೆಯಲ್ಲಿ ನಾವು ಜಗಳವಾಡುತ್ತಿದ್ದದ್ದು ಕನ್ನಡದಲ್ಲಿ, ಓದುತ್ತಿದ್ದದ್ದು ತಮಿಳಿನಲ್ಲಿ. ಕನ್ನಡ ಅಕ್ಷರ ಬಲ್ಲವರೆಂದರೆ ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದ ಅತ್ತಿಗೆ ಒಬ್ಬರೇ. ಅವರ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಈ ಪುಸ್ತಕವಿತ್ತು. ಸೊಸೆ ಹಗಲಿನಲ್ಲಿ ಪುಸ್ತಕ ಹಿಡಿದು ಕೂರುವುದು ಅವ್ವನಿಗೆ ಸರಿಬರುತ್ತಿರಲಿಲ್ಲ. ಓದದೆ ಇರುವುದು ಅತ್ತಿಗೆಗೆ ಆಗುತ್ತಿರಲಿಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಸೇಲಂನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ರಾಜಿ ಮಾಡಿಸಿದೆ: ಅತ್ತಿಗೆ ಗಟ್ಟಿಯಾಗಿ ಓದಲಿ, ಅವರ ಪಾಲಿನ ಹುಣಸೆಹಣ್ಣನ್ನು ನಾನು ಕುಟ್ಟಿ ಬೀಜ ಬಿಡಿಸುತ್ತೇನೆ.

"ಉಣಸೆ ಮುಗಿಯೋಗಂಟ ಓದ್ಲಿ. ಆಮೇಲೆ ಬುಕ್ಕು ಪೆಟ್ಟಿಗೆಗೆ ಓಗ್ಬೇಕು," ಎಂದಳು ಅವ್ವ.

ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಹುಣಸೆ ಕುಟ್ಟುವ ಕಾಲ ಯುಗಾದಿಯ ಆಸುಪಾಸು, ಆ ವರ್ಷದ ಫುಟ್‌ಬಾಲ್ ವಿಶ್ವಕಪ್ಪು ಜೂನಿನಲ್ಲಿ. ನನ್ನ ನೆನಪೋ ಎರಡನ್ನೂ ಒಂದೇ ಜಗಲಿಯ ಮೇಲೆ, ಒಂದೇ ಮಧ್ಯಾಹ್ನದಲ್ಲಿ ಕೂರಿಸಿಬಿಡುತ್ತದೆ. ಇಷ್ಟು ಅಚ್ಚುಕಟ್ಟಾದ ನೆನಪನ್ನು ನೀವೂ ನಂಬಬೇಡಿ. ಸದ್ದನ್ನು ಮಾತ್ರ ನಂಬಬಹುದು: ಕಥೆಯಲ್ಲಿ ಚೆಂಡು ಮೈದಾನದ ನಡುವೆ ಇದ್ದಾಗ ನಮ್ಮ ಸುತ್ತಿಗೆಗಳು ಟಕಟಕ ಓಡುತ್ತಿದ್ದವು, ಗೋಲಿನ ಹತ್ತಿರ ಬಂದಾಗ ನಿಧಾನವಾಗುತ್ತಿದ್ದವು, ಆಮೇಲೆ ಇಡೀ ಜಗಲಿ ನಿಶ್ಶಬ್ದ.

ಕಥೆ ಒಂದು ಗಿರಣಿ ತಂಡದ ಗೋಲ್‌ಕೀಪರನದು. ನಾನು ಹುಣಸೆಬೀಜಗಳನ್ನೇ ಆಟಗಾರರನ್ನಾಗಿ ನೆಲದ ಮೇಲೆ ಜೋಡಿಸಿ ಅವ್ವನಿಗೆ ಆಟ ತೋರಿಸಿದೆ. ಅವಳ ಬೆರಳು ಕೊನೆಯಲ್ಲಿ ಒಂಟಿಯಾಗಿದ್ದ ಬೀಜದ ಮೇಲೆ ನಿಂತಿತು.

"ಎಲ್ರೂ ಓಡಾಡ್ಕಂಡವ್ರೆ. ಇವನೊಬ್ನೇ ಯಾಕ್ಲಾ ಮನೆ ಕಾಯ್ಬೇಕು?"

"ಅವ್ನೂ ನನ್ನಂಗೆ ಸೊಸೆ, ಅತ್ತೆ," ಎಂದರು ಅತ್ತಿಗೆ, ಪುಸ್ತಕದಿಂದ ತಲೆಯೆತ್ತದೆ.

ಅವ್ವ ನಕ್ಕಳೋ, ಗದರಿದಳೋ, ನೆನಪಿಲ್ಲ. ಅಂದಿನಿಂದ ಅವಳು ಗೋಲ್‌ಕೀಪರನ ಪಕ್ಷ.

ಕಡೆಯ ಆಟಕ್ಕೆ ಬರುವ ಹೊತ್ತಿಗೆ ಕಡೆಯ ಮೂಟೆಯೂ ತಳ ಕಂಡಿತು. ಅತ್ತಿಗೆ ಸಾಲುಗಳನ್ನು ಬೇಗ ಬೇಗ ಓದತೊಡಗಿದರು. ನಾನು ಕುಟ್ಟಿದ್ದನ್ನೇ ಮತ್ತೆ ಕುಟ್ಟತೊಡಗಿದೆ. ಆದರೂ ಹಣ್ಣೇ ಮೊದಲು ಮುಗಿಯಿತು. ಎರಡೂ ತಂಡ ಸಮಸಮ, ಎದುರಾಳಿಗೆ ಪೆನಾಲ್ಟಿ ಸಿಕ್ಕಿದೆ, ಅವ್ವ ಸೆರಗು ಕೊಡವಿ ಎದ್ದಳು. ಅತ್ತಿಗೆ ಪುಸ್ತಕ ಮುಚ್ಚಿದರು, ಒಂದು ಬೆರಳನ್ನು ಮಾತ್ರ ಒಳಗೇ ಉಳಿಸಿಕೊಂಡು.

ಅವ್ವ ಬೀದಿಗಿಳಿದು ಹೋದಳು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಒಂದು ಮೂಟೆ ಹೊತ್ತು ಬಂದು ಜಗಲಿಗೆ ಕೆಡವಿದಳು.

"ಪಕ್ಕದ್ಮನೆ ರಾಜಮ್ಮಂದು. ಪಾವಂ, ಸೊಂಟನೋವಂತೆ. ನಾವೇ ಕುಟ್ಟಿಕೊಡಾನ."

ಹಿಂದೆಯೇ ರಾಜಮ್ಮ ಏದುಸಿರು ಬಿಡುತ್ತ ಬಂದಳು. "ನಂಗ್ಯಾವ ಸೊಂಟನೋವೇ?"

"ಸುಮ್ಕೆ ಕೂತ್ಕಳೇ. ಪೆನಾಲ್ಟಿ ಒಡೀತಾವ್ರೆ."

ಅತ್ತಿಗೆ ಓದಿದರು. ಓದಿ ಮುಗಿಸುತ್ತಲೇ ಅವ್ವ "ಎಲ್ಲಿ ಬರ್ದೈತೆ, ತೋರ್ಸು" ಎಂದು ತನಗೆ ಬಾರದ ಅಕ್ಷರಗಳ ಮೇಲೆ ಹುಣಸೆಯ ಹೆಬ್ಬೆರಳನ್ನು ಒತ್ತಿದಳು. ಆ ಹಾಳೆ ಅಂಟಿದ್ದು ಹಾಗೆ.

ಗೋಲ್‌ಕೀಪರ್ ಚೆಂಡು ಹಿಡಿದನೆಂದು ನನ್ನ ನೆನಪು, ಬಿಟ್ಟನೆಂದು ಅತ್ತಿಗೆಯದು. ಆಮೇಲೆ ಅವರಿಂದಲೇ ಕನ್ನಡ ಅಕ್ಷರ ಕಲಿತೆ. ಹಾಳೆ ಬಿಡಿಸಿದರೆ ಈಗ ನಾನೇ ಓದಬಲ್ಲೆ. ಬಿಡಿಸಿಲ್ಲ. ಆದ್ದರಿಂದ ಗೆಳೆಯರೇ, ಈ ಬೇಸಿಗೆಗೆ ಯಾವ ಫುಟ್‌ಬಾಲ್ ಪುಸ್ತಕವಾದರೂ ಆದೀತು. ಜೊತೆಗೆ ಓದಿ ಹೇಳುವವರೊಬ್ಬರು ಬೇಕು, ಒಂದು ಮೂಟೆ ಹುಣಸೆ ಬೇಕು, ಅದು ಸಾಲದೆ ಬಂದರೆ ಸೊಂಟನೋವಿಲ್ಲದ ಒಬ್ಬ ನೆರೆಯವಳು.